ಎಣ್ಣೆ ಹಚ್ಚಿಸಿಕೊಳ್ಳುವ ಮುನ್ನ ದಾಕ್ಷಿಣ್ಯ ಬಿಡಿ

ಎಣ್ಣೆನೀರು ನಮಗೆ ಹೊಸದೇನಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ ಹಂಡೆ ತುಂಬ ನೀರು ಕಾಯಿಸಿ, ಮನೆಮಂದಿಗೆಲ್ಲ ನೆತ್ತಿಗೆ ಎಣ್ಣೆ ಒತ್ತಿ, ಸೀಗೆಪುಡಿ ಹಾಕಿ ಎರೆಯುವ ಪದ್ಧತಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಇನ್ನೂ ಉಳಿದಿದೆ. ಬಾಣಂತಿಗೆ, ಕೂಸಿಗೆ ನೀರು ಹಾಕೋಕೆ ಬರುವ ಅಜ್ಜಿಯಂತೂ ಬೀದಿಗೆಲ್ಲ ಪರಿಚಯ. ಅದು ಗೊತ್ತಿರುವ ಕೈ. ನೋವಾದರೆ ‘ಅಯ್ಯೋ, ಮೆಲ್ಲಗೆ!’ ಅಂತ ಕೂಗೋಕೆ ಯಾರಿಗೂ ಸಂಕೋಚ ಇರಲಿಲ್ಲ.

ಈಗ ಅದೇ ಕೆಲಸಕ್ಕೆ ದುಡ್ಡು ಕೊಟ್ಟು ಹೊರಗೆ ಹೋಗ್ತೀವಿ. ಸಂಪಿಗೆ ರಸ್ತೆಯಲ್ಲೋ ಗಾಂಧಿ ಬಜಾರಿನ ಸುತ್ತಲೋ ಒಂದು ಸುತ್ತು ಹಾಕಿ. ಆಯುರ್ವೇದ ಕ್ಲಿನಿಕ್, ಫಿಸಿಯೋಥೆರಪಿ, ಸ್ಪಾ, ಸಲೂನ್, ಎಲ್ಲಾ ಬೋರ್ಡೂ ಕಾಣುತ್ತೆ. ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕತ್ತು ಬಗ್ಗಿಸಿ ಕೂರುವ ನನ್ನಂಥವರು ಶನಿವಾರ ಬಂತೆಂದರೆ ಅಲ್ಲಿಗೇ ಓಡೋದು. ತೊಂದರೆ ಏನಪ್ಪಾ ಅಂದರೆ, ಹೊರಗಿನವರ ಕೈಗೆ ಮೈ ಕೊಟ್ಟ ಕೂಡಲೇ ನಮ್ಮ ಬಾಯಿ ಕಟ್ಟಿಹೋಗುತ್ತೆ. ‘ಅವರಿಗೆ ಗೊತ್ತಿರುತ್ತೆ ಬಿಡಿ’ ಅಂತ ಸುಮ್ಮನಾಗ್ತೀವಿ. ಮಸಾಜ್ ವಿಷಯದಲ್ಲಿ ಅಪಾಯ ಇರೋದು ಎಣ್ಣೆಯಲ್ಲಿ ಅಷ್ಟಾಗಿ ಅಲ್ಲ, ಈ ದಾಕ್ಷಿಣ್ಯದಲ್ಲಿ.

ಯಾತಕ್ಕೆ ಹೋಗ್ತಿದ್ದೀರಿ?

ಮೊದಲು ಇದನ್ನು ನಿಮಗೆ ನೀವೇ ಕೇಳಿಕೊಳ್ಳಿ. ಬರೀ ದಣಿವು, ಬಿಗಿತ ಅಂದರೆ ಸಾಮಾನ್ಯ ಅಭ್ಯಂಗ ಸಾಕು. ಕಾಯಿಲೆಗೆ ಚಿಕಿತ್ಸೆ ಅಂದರೆ ಮೊದಲು ವೈದ್ಯರು ನೋಡಬೇಕು, ಆಮೇಲೆ ಎಣ್ಣೆ. ಮೆಜೆಸ್ಟಿಕ್ ಹತ್ತಿರದ ಧನ್ವಂತರಿ ರಸ್ತೆಯಲ್ಲಿ ಶ್ರೀ ಜಯಚಾಮರಾಜೇಂದ್ರ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ. ಮಲ್ಲೇಶ್ವರದಿಂದಲೂ ಚಾಮರಾಜಪೇಟೆಯಿಂದಲೂ ಹತ್ತಿರವೇ. ಪಂಚಕರ್ಮ ವಿಭಾಗ ಅಲ್ಲೇ ಇದೆ. ಖಾಸಗಿ ಕ್ಲಿನಿಕ್ಕಿಗೆ ಹೋಗೋದಾದರೆ ವೈದ್ಯರು ಬಿಎಎಂಎಸ್ ಓದಿದವರೇ, ನೋಂದಣಿ ಇದೆಯೇ, ಎಣ್ಣೆ ಹಚ್ಚುವವರು ತರಬೇತಿ ಪಡೆದವರೇ ಎಂದು ಕೇಳಿ. ಅದರಲ್ಲಿ ಅವಮಾನದ ಮಾತೇನೂ ಇಲ್ಲ.

ಬಿದ್ದು ಊತ ಬಂದಿದ್ದರೆ ಮಾತ್ರ ನೀವಿಸಿಕೊಳ್ಳೋಕೆ ಹೋಗಬೇಡಿ. ಮೊದಲು ಎಕ್ಸ್‌ರೇ. ಮೂಳೆ ಬಿರುಕು ಬಿಟ್ಟಿದ್ದನ್ನು ಉಳುಕು ಅಂದುಕೊಂಡು ತಿಕ್ಕಿಸಿದರೆ ಕೆಡುತ್ತೆ.

ಮಸಾಜ್‌ನಿಂದ ಎಷ್ಟು ನಿರೀಕ್ಷೆ ಮಾಡಬಹುದು? ಸೊಂಟನೋವಿನ ಬಗ್ಗೆ ನಡೆದ 25 ಅಧ್ಯಯನಗಳನ್ನು ಕೊಕ್ರೇನ್ ಸಂಸ್ಥೆ 2015ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಸ್ವಲ್ಪ ಕಾಲ ನೋವು ಕಡಿಮೆಯಾಗುತ್ತೆ, ಆದರೆ ಬಹುಕಾಲ ಉಳಿಯುತ್ತೆ ಅನ್ನೋಕೆ ಗಟ್ಟಿ ಆಧಾರ ಸಿಗಲಿಲ್ಲ. ‘ಮೈಯಲ್ಲಿರೋ ವಿಷವೆಲ್ಲ ಹೊರಗೆ ಬರುತ್ತೆ’ ಅನ್ನೋ ಮಾತನ್ನು ನಂಬಬೇಡಿ. ಆ ಕೆಲಸಕ್ಕೆ ಮೂತ್ರಪಿಂಡ, ಯಕೃತ್ತು ಇವೆ. ಹತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮೊದಲ ದಿನವೇ ದುಡ್ಡು ಕಟ್ಟಲೂಬೇಡಿ. ಒಂದೆರಡು ಸಲ ಹೋಗಿ, ನಿಮ್ಮ ಮೈಗೆ ಒಗ್ಗುತ್ತಾ ನೋಡಿ.

ಮಲಗುವ ಮುಂಚೆ ಹೇಳಲೇಬೇಕಾದದ್ದು

ನಮ್ಮಮ್ಮನಿಗೆ ಹದಿನೈದು ವರ್ಷದಿಂದ ಶುಗರ್. ಮೊಣಕಾಲು ನೋವಿಗೆ ಅಂತ ಒಂದು ಕ್ಲಿನಿಕ್ಕಿಗೆ ಹೋಗಿದ್ದರು. ಅಲ್ಲಿ ಯಾರೂ ಶುಗರ್ ಬಗ್ಗೆ ಕೇಳಲಿಲ್ಲ, ‘ಮಂಡಿನೋವಿಗೂ ಅದಕ್ಕೂ ಏನು ಸಂಬಂಧ’ ಅಂತ ಅಮ್ಮನೂ ಹೇಳಲಿಲ್ಲ. ಪಾದಕ್ಕೆ ಎಣ್ಣೆ ಹಚ್ಚುತ್ತಾ ಆ ಹೆಂಗಸು ‘ಬಿಸಿ ಸಾಕಾ ಅಮ್ಮ?’ ಅಂದರಂತೆ. ‘ಗೊತ್ತೇ ಆಗ್ತಿಲ್ಲಮ್ಮ, ಇನ್ನೊಂಚೂರು ಬಿಸಿ ಮಾಡು’ ಅಂದರಂತೆ ಅಮ್ಮ. ಆಕೆ ಅಲ್ಲಿಗೇ ಕೈ ನಿಲ್ಲಿಸಿ, ‘ಶುಗರ್ ಇದೆಯಾ?’ ಅಂತ ಕೇಳಿ ವೈದ್ಯರನ್ನು ಕರೆದರು. ಪಾದದ ಸ್ಪರ್ಶಜ್ಞಾನ ಕಮ್ಮಿಯಾಗಿದೆ ಅನ್ನೋದು ನಮಗೆ ಗೊತ್ತಾಗಿದ್ದೇ ಅವತ್ತು. ಆಕೆ ಇನ್ನೊಂಚೂರು ಬಿಸಿ ಮಾಡಿದ್ದಿದ್ದರೆ ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತಿತ್ತು. ಶುಗರ್ ಇರುವವರಿಗೆ ಕಾಲಿನ ಗಾಯ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ.

ಹಾಗಾಗಿ ಕೇಳಲಿ, ಬಿಡಲಿ, ಇಷ್ಟನ್ನು ನೀವಾಗಿಯೇ ಹೇಳಿಬಿಡಿ: ಶುಗರ್, ಬಿಪಿ, ಹೃದಯದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ, ಇತ್ತೀಚಿನ ಆಪರೇಷನ್, ಮೂಳೆ ಸವೆತ, ಕ್ಯಾನ್ಸರ್ ಚಿಕಿತ್ಸೆ, ಬಸಿರು, ಚರ್ಮದ ಅಲರ್ಜಿ. ಎಳ್ಳು ಆಗದವರಿಗೆ ಎಳ್ಳೆಣ್ಣೆಯೂ ಆಗದಿರಬಹುದು, ಆಯುರ್ವೇದದ ಹೆಚ್ಚಿನ ತೈಲಗಳಿಗೆ ಅದೇ ಮೂಲ. ಜ್ವರ ಇದ್ದಾಗ, ಚರ್ಮದ ಮೇಲೆ ಸೋಂಕು ಇದ್ದಾಗ ಹೋಗಲೇಬೇಡಿ. ಅಜೀರ್ಣವಿದ್ದಾಗ ಅಭ್ಯಂಗ ಬೇಡ ಅಂತ ವಾಗ್ಭಟನ ಅಷ್ಟಾಂಗ ಹೃದಯವೂ ಹೇಳುತ್ತದೆ. ಹೊಟ್ಟೆ ಬಿರಿಯ ಮಸಾಲೆದೋಸೆ ತಿಂದು ನೇರ ಅಲ್ಲಿಗೆ ಹೋಗೋದೂ ಬೇಡ.

ಇನ್ನೊಂದು ಮಾತು ಬಸವನಗುಡಿ, ಮಲ್ಲೇಶ್ವರದ ಹಿರಿಯರಿಗೆ ಮುಖ್ಯ. ಮೊಮ್ಮಗುವನ್ನು ನೋಡಿಕೊಂಡು ಅಮೆರಿಕದಿಂದ ಇಪ್ಪತ್ತು ಗಂಟೆ ಕೂತು ಬಂದಿರುತ್ತೀರಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ‘ಪ್ರಯಾಣದ ಸುಸ್ತು, ಸ್ವಲ್ಪ ತಿಕ್ಕಿಸಿದರೆ ಸರಿಹೋಗುತ್ತೆ’ ಅನ್ನಬೇಡಿ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಒತ್ತಿದಾಗ ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಮೊದಲು ಆಸ್ಪತ್ರೆಗೆ ಹೋಗಿ ಡಾಪ್ಲರ್ ಸ್ಕ್ಯಾನ್ ಮಾಡಿಸಿ.

ಕತ್ತು ಮಾತ್ರ ತಿರುಚಿಸಬೇಡಿ

2024ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯ ಸುದ್ದಿಯೊಂದು ಪತ್ರಿಕೆಗಳಲ್ಲಿ ಬಂತು. ಕ್ಷೌರಕ್ಕೆ ಹೋಗಿದ್ದ ಮೂವತ್ತರ ಯುವಕನಿಗೆ ಪುಕ್ಕಟೆಯಾಗಿ ತಲೆ ಮಸಾಜ್ ಮಾಡಿ, ಕೊನೆಗೆ ಕತ್ತನ್ನು ಲಟಕ್ಕನೆ ತಿರುಗಿಸಿದ್ದಾರೆ. ಮನೆಗೆ ಹೋದ ಮೇಲೆ ಮಾತು ತೊದಲಿ, ಎಡಭಾಗ ಶಕ್ತಿ ಕಳೆದುಕೊಂಡಿತು. ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯು ಆಗಿತ್ತು. ಬೆಂಗಳೂರಿನಲ್ಲಿ ಚಿಕಿತ್ಸೆಯಾಗಿ ಆತ ಚೇತರಿಸಿಕೊಂಡ. ಆತನಿಗೆ ಹೆಚ್ಚುಕಮ್ಮಿ ನನ್ನದೇ ವಯಸ್ಸು.

ಎಲ್ಲರಿಗೂ ಹೀಗಾಗುತ್ತೆ ಅಂತಲ್ಲ, ಅಪರೂಪವೇ. ಆದರೂ ಆ ‘ಲಟಕ್’ ಶಬ್ದದಿಂದ ಸಿಗೋ ಕ್ಷಣದ ಹಿತಕ್ಕೆ ಇಷ್ಟು ದೊಡ್ಡ ಪಣ ಬೇಕಾ? ಕುರ್ಚಿಯಲ್ಲಿ ಕೂತ ತಕ್ಷಣ ‘ಕತ್ತು ತಿರುಗಿಸಬೇಡಿ ಅಣ್ಣ’ ಅಂದುಬಿಡಿ. ಅವರು ಬೇಜಾರು ಮಾಡಿಕೊಳ್ಳೋಲ್ಲ.

ಕೋಣೆಯೊಳಗೆ

ಎಷ್ಟು ಬಟ್ಟೆ ತೆಗೆಯಬೇಕು ಅನ್ನೋದು ನಿಮ್ಮ ತೀರ್ಮಾನ. ಮೈ ಮುಚ್ಚಲು ಬಟ್ಟೆ ಕೇಳಿ. ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ ಬೇಕೆಂದರೆ ಫೋನಿನಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. ಮನೆಯವರೊಬ್ಬರು ಜೊತೆಗಿರಲಿ ಅನ್ನಿಸಿದರೆ ಹಾಗೇ ಹೇಳಿ. ಯಾವ ಎಣ್ಣೆ, ಎಷ್ಟು ಹೊತ್ತು, ಒಟ್ಟು ಎಷ್ಟು ದುಡ್ಡು, ಮೊದಲೇ ತಿಳಿದುಕೊಳ್ಳಿ. ಒತ್ತಡ ಜಾಸ್ತಿಯಾದರೆ ಹಲ್ಲು ಕಚ್ಚಿಕೊಂಡು ಮಲಗಬೇಡಿ. ಹಿತವಾದ ನೋವಿಗೂ ಉಸಿರು ಬಿಗಿಹಿಡಿಯುವ ನೋವಿಗೂ ವ್ಯತ್ಯಾಸ ಇದೆ. ಮುಟ್ಟುವ ರೀತಿ ಸರಿ ಅನ್ನಿಸದಿದ್ದರೆ ‘ಸಾಕು’ ಅಂತ ಎದ್ದು ಬನ್ನಿ. ಕಾರಣ ಕೊಡಬೇಕಾಗಿಲ್ಲ, ದುಡ್ಡು ಕೊಟ್ಟಾಗಿದೆ ಅಂತ ಮುಗಿಯೋವರೆಗೆ ಕಾಯಬೇಕಾಗಿಯೂ ಇಲ್ಲ.

ಮುಗಿದ ಮೇಲೆ

ತಟ್ಟನೆ ಏಳಬೇಡಿ. ಪಕ್ಕಕ್ಕೆ ಹೊರಳಿ, ಒಂದು ನಿಮಿಷ ಕೂತು, ಆಮೇಲೆ ನಿಲ್ಲಿ. ಬಿಪಿ ಮಾತ್ರೆ ತಗೊಳ್ಳೋರಿಗೆ ತಲೆ ಸುತ್ತಬಹುದು. ಎಣ್ಣೆ ಕಾಲಲ್ಲಿ ಬಚ್ಚಲಿಗೆ ಹೋಗುವ ಮುಂಚೆ ಅಂಗಾಲು ಒರೆಸಿಕೊಳ್ಳಿ. ಮಂಡಿನೋವು ವಾಸಿ ಮಾಡಿಕೊಳ್ಳಲು ಹೋಗಿ ಸೊಂಟ ಮುರಿದುಕೊಂಡು ಬರೋದು ಬೇಡ. ಅರ್ಧ ಗಂಟೆ ಸುಧಾರಿಸಿಕೊಂಡು ಆಮೇಲೆ ಸ್ಕೂಟರ್ ಹತ್ತಿ.

ಒಂದೆರಡು ದಿನ ಮೈ ಸ್ವಲ್ಪ ನೋಯೋದು ಸಹಜ. ಆದರೆ ಜೋಮು, ದೊಡ್ಡ ನೀಲಿ ಕಲೆ, ಉಸಿರು ಸಿಕ್ಕಿಕೊಳ್ಳೋದು ಕಂಡರೆ ವೈದ್ಯರ ಹತ್ತಿರ ಹೋಗಲೇಬೇಕು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಕೂಡಲೇ 108ಕ್ಕೆ ಫೋನ್ ಮಾಡಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿ ಕೊಡೋಕೆ ಇರೋದು ಸುಮಾರು ನಾಲ್ಕೂವರೆ ಗಂಟೆ ಸಮಯ ಅಷ್ಟೇ. ‘ಬೆಳಿಗ್ಗೆ ನೋಡೋಣ’ ಅಂದರೆ ಕೈ ಮೀರಿರುತ್ತೆ.

ಮುಂದಿನ ಸಲ ಅಪ್ಪನಿಗೋ ಅಮ್ಮನಿಗೋ ಅಪಾಯಿಂಟ್‌ಮೆಂಟ್ ಮಾಡಿಸುವಾಗ, ಅವರು ತಗೊಳ್ಳೋ ಮಾತ್ರೆಗಳ ಪಟ್ಟಿ ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಹೇಳೋಕೆ ಸಂಕೋಚಪಟ್ಟರೂ ಚೀಟಿ ತೋರಿಸೋಕೆ ಯಾರೂ ಸಂಕೋಚಪಡೋಲ್ಲ.