ಎಂಜಿನ್ ಕೈಕೊಟ್ಟರೆ ವಿಮಾನ ಬೀಳುತ್ತಾ? ಅವ್ವನ ಪ್ರಶ್ನೆಗೆ ಚಳ್ಳಕೆರೆಯಲ್ಲಿ ಸಿಕ್ಕ ಉತ್ತರ

"ನಾನು ಬರಲ್ಲಪ್ಪ. ಬೇಕಾದ್ರೆ ರೈಲಲ್ಲಿ ಕರ್ಕೊಂಡು ಹೋಗು."

ಮೊಳಕಾಲ್ಮೂರಿನ ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದ ಅವ್ವ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ದೆಹಲಿಯಲ್ಲಿರುವ ತಂಗಿಗೆ ದಿನ ತುಂಬುತ್ತಿತ್ತು. ಬಾಣಂತನಕ್ಕೆ ಅವ್ವ ಬೇಕೇ ಬೇಕು.

ಅವ್ವನ ಭಯಕ್ಕೆ ಕಾರಣ ಇತ್ತು. ಹೋದ ಸಲ ಬೆಂಗಳೂರಿನಿಂದ ವಿಮಾನ ಮೇಲೇರಿ ಹತ್ತು ನಿಮಿಷ ಆಗಿರಲಿಲ್ಲ, "ಒಂದು ಎಂಜಿನ್‌ನಲ್ಲಿ ತೊಂದರೆ ಕಾಣಿಸಿದೆ, ವಾಪಸ್ ಹೋಗುತ್ತಿದ್ದೇವೆ" ಅಂತ ಪೈಲಟ್ ಹೇಳಿದರು. ಸುರಕ್ಷಿತವಾಗಿಯೇ ಇಳಿದೆವು. ಆದರೆ ಅವ್ವ ನನ್ನ ಕೈ ಬಿಟ್ಟದ್ದು ಬಸ್ ಹತ್ತಿದ ಮೇಲೆಯೇ. "ಏನೂ ಆಗಲ್ಲವ್ವ" ಅಂತ ನಾನೇನೋ ಹೇಳುತ್ತಿದ್ದೆ. ನಿಜಕ್ಕೂ ಏನಾಗುತ್ತೆ ಅಂತ ನನಗೇ ಗೊತ್ತಿರಲಿಲ್ಲ. ಎಂಜಿನಿಯರಿಂಗ್ ಓದಿದ್ದೇನೆ, ಕೋಡ್ ಬರೆಯುತ್ತೇನೆ, ವಿಮಾನದ ವಿಷಯದಲ್ಲಿ ಸೊನ್ನೆ. ಈ ಸಲ ಓದಿಕೊಂಡು ಉತ್ತರ ಕೊಡೋಣ ಅಂತ ಕೂತೆ.

ಒಂದೇ ಎಂಜಿನ್ ಸಾಕಾ?

ಸಾಕು. ಎರಡು ಎಂಜಿನ್ ಇರುವ ಪ್ರಯಾಣಿಕ ವಿಮಾನಕ್ಕೆ ಪರವಾನಗಿ ಸಿಗಬೇಕಾದರೆ, ಟೇಕಾಫ್ ಹೊತ್ತಿನಲ್ಲಿ ಒಂದು ಎಂಜಿನ್ ನಿಂತರೂ ಇನ್ನೊಂದರಲ್ಲೇ ಮೇಲೇರಬೇಕು. ರನ್‌ವೇಯಲ್ಲಿ ಓಡುವಾಗ 'ವಿ-1' ಅನ್ನುವ ವೇಗ ಒಂದಿದೆ. ಅದಕ್ಕಿಂತ ಮೊದಲು ಎಂಜಿನ್ ಕೈಕೊಟ್ಟರೆ ಬ್ರೇಕ್. ಅದನ್ನು ದಾಟಿದ ಮೇಲೆ ನಿಲ್ಲಿಸಲು ಜಾಗ ಸಾಲುವುದಿಲ್ಲ, ಹಾರಲೇಬೇಕು.

2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ವಿಮಾನದ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತ್ತು. ಪೈಲಟ್‌ಗಳು ತಿರುಗಿ ಬಂದು ಇಳಿಸಿದರು. 179 ಪ್ರಯಾಣಿಕರು, 6 ಸಿಬ್ಬಂದಿ, ಎಲ್ಲರೂ ಬದುಕಿ ಹೊರಬಂದರು.

ಅವಸರವೇ ಅಪಾಯ

ಪೈಲಟ್‌ಗಳಿಗೆ ಕಲಿಸುವ ಕ್ರಮ ಹೀಗಿದೆ: ಮೊದಲು ವಿಮಾನವನ್ನು ಸರಿಯಾಗಿ ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ಒಂದು ಎಂಜಿನ್ ನಿಂತಾಗ ಮೂತಿ ಒಂದು ಕಡೆ ಎಳೆಯುತ್ತೆ, ಅದನ್ನು ನೇರ ಮಾಡುವುದು ಮೊದಲ ಕೆಲಸ. ಸ್ವಲ್ಪ ಎತ್ತರ ಸಿಕ್ಕ ಮೇಲೆ ಚೆಕ್‌ಲಿಸ್ಟ್. ಯಾವ ಎಂಜಿನ್ ಕೆಟ್ಟಿದೆ ಅಂತ ಒಬ್ಬರು ಹೇಳಬೇಕು, ಇನ್ನೊಬ್ಬರು ನೋಡಿ ಹೌದೆನ್ನಬೇಕು. ಆಮೇಲಷ್ಟೇ ಅದರ ಇಂಧನ ಬಂದ್.

ಇಷ್ಟೊಂದು ಹುಷಾರು ಯಾಕೆ? 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್ವರ್ತ್ ಬಳಿ ಒಂದು ಬೋಯಿಂಗ್ 737 ಬಿತ್ತು. ಕೆಟ್ಟಿದ್ದು ಎಡ ಎಂಜಿನ್, ಪೈಲಟ್‌ಗಳು ನಿಲ್ಲಿಸಿದ್ದು ಬಲ ಎಂಜಿನ್. ಕಾಕತಾಳೀಯವಾಗಿ ಆಗಲೇ ನಡುಕ, ಹೊಗೆ ಕಡಿಮೆಯಾದವು. ಸರಿಹೋಯಿತು ಅಂದುಕೊಂಡರು. 126 ಜನರಲ್ಲಿ 47 ಮಂದಿ ತೀರಿಕೊಂಡರು.

ಇದನ್ನು ಓದಿ ನನಗೆ ಬೆವರಿಳಿಯಿತು. ಮಧ್ಯರಾತ್ರಿ ಸರ್ವರ್ ಕೆಟ್ಟಾಗ ಸರಿಯಾಗಿ ನೋಡದೆ ಏನೋ ರೀಸ್ಟಾರ್ಟ್ ಮಾಡಿ, ಅಲರ್ಟ್ ನಿಂತಿತು ಅಂತ ಮಲಗಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಅವ್ವನಿಗೆ ಹೇಳಿದೆ. ಆಶ್ಚರ್ಯವೇನೂ ಪಡಲಿಲ್ಲ. "ಎಳೆ ಕಡಿದ್ರೆ ಮೊದ್ಲು ಮಗ್ಗ ನಿಲ್ಲಿಸಿ ಯಾವ ಎಳೆ ಅಂತ ನೋಡ್ಬೇಕು. ಗಾಬರಿಲಿ ಕೈ ಹಾಕಿದ್ರೆ ಇನ್ನ ನಾಕು ಹೋಗ್ತವೆ."

"ಅವರಿಗೆ ಮಗ್ಗ ನಿಲ್ಲಿಸೋಕೂ ಆಗಲ್ಲವ್ವ" ಅಂದೆ.

ಎಂಜಿನ್ನೇ ಇಲ್ಲದೆ ಇಳಿದದ್ದು

"ಎರಡೂ ನಿಂತ್ರೆ?" ಅವ್ವನ ಮುಂದಿನ ಪ್ರಶ್ನೆ.

ಆಗಲೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ತೇಲುತ್ತೆ. 35,000 ಅಡಿ ಎತ್ತರದಿಂದ ನೂರು ಕಿಲೋಮೀಟರ್‌ಗೂ ಹೆಚ್ಚು ದೂರ ಸಾಗಬಲ್ಲದು.

ಇದಕ್ಕೆ ನಮ್ಮ ಪಕ್ಕದ ತಾಲೂಕಿನಲ್ಲೇ ಉದಾಹರಣೆ ಇದೆ. ಚಳ್ಳಕೆರೆಯ ಡಿಆರ್‌ಡಿಒ ಪರೀಕ್ಷಾ ಕೇಂದ್ರದಲ್ಲಿ 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಎತ್ತಿಕೊಂಡು ಹೋಗಿ ಬಿಟ್ಟಿತು. ಎಂಜಿನ್‌ನ ಬಲವಿಲ್ಲ, ಒಳಗೆ ಪೈಲಟ್ ಇಲ್ಲ. ತಾನೇ ದಾರಿ ಲೆಕ್ಕ ಹಾಕಿ ರನ್‌ವೇಗೆ ಇಳಿಯಿತು. 2024ರಲ್ಲಿ 'ಪುಷ್ಪಕ್' ಇನ್ನೆರಡು ಸಲ ಇಳಿಯಿತು. ಜೂನ್ 23ರ ಮೂರನೇ ಪ್ರಯೋಗದಲ್ಲಿ ನೆಲ ಮುಟ್ಟಿದ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು. ಪ್ರಯಾಣಿಕ ವಿಮಾನ ಇಳಿಯುವುದು ಸುಮಾರು 260ರಲ್ಲಿ.

"ಮತ್ತೆ ಅಹಮದಾಬಾದಿನದು?"

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ಸುಳ್ಳು ಹೇಳಲಿಲ್ಲ. 2025ರ ಜೂನ್ 12ರಂದು ಮೇಲೇರಿದ ಕೆಲವೇ ಕ್ಷಣಗಳಲ್ಲಿ ಎರಡೂ ಎಂಜಿನ್‌ಗೆ ಇಂಧನ ನಿಂತಿತ್ತು ಅಂತ ಪ್ರಾಥಮಿಕ ತನಿಖಾ ವರದಿ ಹೇಳಿದೆ. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದದ್ದು ಒಬ್ಬರೇ. ಎತ್ತರ ಇದ್ದರೆ ಸಮಯ ಇರುತ್ತೆ. ಅಲ್ಲಿ ಎತ್ತರವೂ ಇರಲಿಲ್ಲ, ಸಮಯವೂ ಇರಲಿಲ್ಲ.

ನಮ್ಮ ಕೈಲಿರೋದು

ಕೂತಿರುವಷ್ಟು ಹೊತ್ತೂ ಬೆಲ್ಟ್ ಹಾಕಿಕೊಳ್ಳಿ. ಹತ್ತಿರದ ಬಾಗಿಲು ಎಷ್ಟು ಸಾಲು ಆಚೆ ಇದೆ ಅಂತ ಎಣಿಸಿಕೊಳ್ಳಿ. ಟೇಕಾಫ್, ಲ್ಯಾಂಡಿಂಗ್ ಹೊತ್ತಲ್ಲಿ ಚಪ್ಪಲಿ, ಶೂ ಬಿಚ್ಚಬೇಡಿ. ಇಳಿಯಿರಿ ಅಂದಾಗ ಬ್ಯಾಗು, ಲ್ಯಾಪ್‌ಟಾಪ್ ಅಲ್ಲೇ ಇರಲಿ. ವಿಡಿಯೋ ಮಾಡುತ್ತಾ ನಿಂತರೆ ಹಿಂದಿನವರ ಜೀವದ ಜೊತೆ ಆಟವಾಡಿದ ಹಾಗೆ.

ಅವ್ವ ಎಲ್ಲವನ್ನೂ ಕೇಳಿ ಸುಮ್ಮನೆ ಲಾಳಿ ಎಸೆಯುತ್ತಾ ಕೂತಳು. ಭಯ ಪೂರ್ತಿ ಹೋಗಿರಲಿಲ್ಲ. ನನಗೂ ಹೋಗಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು:

"ಬಾಗ್ಲ ಹತ್ರದ ಸೀಟು ಸಿಗುತ್ತೇನಪ್ಪ?"

ಆಗಲೇ ಫೋನ್ ತೆಗೆದು ಟಿಕೆಟ್ ಬುಕ್ ಮಾಡಿದೆ.