ಊರು ಒಂದು, ಕ್ಲಬ್ಬು ಇನ್ನೊಂದು: ಹೀಗೆ ಯಾಕೆ?



ನಮ್ಮ ಶಾಲೆಯಲ್ಲಿ ಫುಟ್‌ಬಾಲ್ ನೋಡುವವರಲ್ಲಿ ಎರಡು ಪಕ್ಷಗಳಿವೆ ಎಂಬುದು ನಿಮಗೆಲ್ಲ ಗೊತ್ತಿದ್ದದ್ದೇ. ಒಂದು ಕಿತ್ತಳೆ ಬಣ್ಣದ ಎಫ್.ಸಿ. ಗೋವಾ ಪಕ್ಷ. ಇನ್ನೊಂದು ನೀಲಿ ಬಣ್ಣದ ಬೆಂಗಳೂರು ಎಫ್.ಸಿ. ಪಕ್ಷ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇವರಿಬ್ಬರ ವಾದ ಶುರುವಾದರೆ ಗಂಟೆ ಹೊಡೆದದ್ದೂ ಕೇಳುವುದಿಲ್ಲ. ಕೊನೆಗೆ ಒಂದು ಮಾತು ಬಂದೇ ಬರುತ್ತದೆ: "ಕರ್ನಾಟಕದ ಅನ್ನ ಉಂಡು ಗೋವಾಕ್ಕೆ ಜೈ ಅಂತೀಯಲ್ಲ, ನೀನು ಎಂಥಾ ಕನ್ನಡಿಗ ಮಾರಾಯಾ?" ಈ ಮಾತು ಕೆಲವರಿಗೆ ತಮಾಷೆ, ಕೆಲವರಿಗೆ ಮುಳ್ಳು. ನಾನು ಗೋವಾ ಪಕ್ಷದವರಲ್ಲಿ ಒಬ್ಬ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಲೇಖನ ಜಗಳಕ್ಕಲ್ಲ. ತನ್ನ ಊರಿನದ್ದಲ್ಲದ ಕ್ಲಬ್ಬನ್ನು ಜನ ತಮ್ಮದು ಅಂತ ಯಾಕೆ ಅಂದುಕೊಳ್ಳುತ್ತಾರೆ, ಅದು ಹೇಗೆ ಆಗುತ್ತದೆ ಎಂದು ತಿಳಿಸುವುದಷ್ಟೇ ಉದ್ದೇಶ.

ಯಕ್ಷಗಾನದ ಉದಾಹರಣೆ

ಮೊದಲು ನಮ್ಮದೇ ಒಂದು ಸಂಗತಿ ನೋಡೋಣ. ಅಂಕೋಲೆಯ ಎಷ್ಟೋ ಮನೆಗಳಲ್ಲಿ ಯಕ್ಷಗಾನದ ಅಭಿಮಾನಿಗಳಿದ್ದಾರೆ. ಒಬ್ಬರಿಗೆ ಇಡಗುಂಜಿ ಮೇಳ ಬೇಕು, ಒಬ್ಬರಿಗೆ ಪೆರ್ಡೂರು ಮೇಳ, ಇನ್ನೊಬ್ಬರಿಗೆ ಸಾಲಿಗ್ರಾಮ ಮೇಳ. ಇಡಗುಂಜಿ ಮೇಳ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರಿಂದ ಹೊನ್ನಾವರದ ಕಡೆ ಹುಟ್ಟಿದ್ದು. ಪೆರ್ಡೂರು, ಸಾಲಿಗ್ರಾಮ ಎರಡೂ ಉಡುಪಿ ಜಿಲ್ಲೆಯವು. ಅಂಕೋಲೆಯ ಅಜ್ಜ "ನಮ್ಮ ಸಾಲಿಗ್ರಾಮ ಮೇಳ" ಅಂದರೆ "ನಿಮ್ಮದು ಹೇಗಾಯ್ತು?" ಎಂದು ಯಾರೂ ಕೇಳುವುದಿಲ್ಲ. ಮೇಳ ಊರೂರು ತಿರುಗುತ್ತದೆ, ಬಯಲಲ್ಲಿ ರಂಗಸ್ಥಳ ಕಟ್ಟುತ್ತದೆ, ಬೆಳಗಿನ ತನಕ ಕೂತು ನೋಡಿದವರ ಮನಸ್ಸಿನಲ್ಲಿ ಉಳಿಯುತ್ತದೆ. ಯಾವ ಭಾಗವತರ ಹಾಡು, ಯಾವ ಕಲಾವಿದರ ಕುಣಿತ ಹಿಡಿಸಿತೋ ಆ ಮೇಳ ನಮ್ಮದಾಗುತ್ತದೆ. ಕ್ಲಬ್ಬಿನ ಅಭಿಮಾನವೂ ಹೆಚ್ಚುಕಡಿಮೆ ಹೀಗೇ. ಊರು ಹುಟ್ಟಿನಿಂದ ಬರುತ್ತದೆ, ಅಭಿಮಾನ ಯಾವುದೋ ದಾರಿಯಿಂದ ನಡೆದು ಬರುತ್ತದೆ. ಆ ದಾರಿಗಳು ಯಾವುವು ಎಂದು ಒಂದೊಂದಾಗಿ ನೋಡೋಣ.

ಒಂದನೆಯ ದಾರಿ: ಅನ್ನದ ದಾರಿ

ಕಾರವಾರದಿಂದ ಮಡಗಾಂವಿಗೆ ಸುಮಾರು 70 ಕಿ.ಮೀ. ಬೆಂಗಳೂರಿಗೆ 500 ಕಿ.ಮೀ.ಗೂ ಹೆಚ್ಚು. ಬೆಳಿಗ್ಗೆ ಹೊರಟರೆ ಮಡಗಾಂವಿನಲ್ಲಿ ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಬೆಂಗಳೂರಿಗೆ ಹೋಗಿ ಬರಲು ಎರಡು ರಾತ್ರಿ ಬಸ್ಸಿನಲ್ಲೇ ಕಳೆಯಬೇಕು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಗೋವಾ ಇನ್ನೂ ಹತ್ತಿರವಾಯಿತು. ನಮ್ಮ ಕಡೆಯ ಎಷ್ಟೋ ಜನ ಗೋವಾದ ಹೋಟೆಲು, ಬಂದರು, ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ದೊಡ್ಡ ಕಾಯಿಲೆ ಬಂದರೆ ಬಾಂಬೋಳಿಯ ಆಸ್ಪತ್ರೆಗೆ ಓಡುತ್ತೇವೆ. ಮನೆಯ ಕೊಂಕಣಿ ಮಾತು ಮಾಜಾಳಿ ಗಡಿ ದಾಟಿದರೂ ನಡೆಯುತ್ತದೆ.

ಗೋವಾದಲ್ಲಿ ಫುಟ್‌ಬಾಲ್ ಹಳೆಯದು. 1883ರಲ್ಲಿ ಶಿವೋಲಿ ಎಂಬ ಊರಿನಲ್ಲಿ ವಿಲಿಯಂ ಲಯನ್ಸ್ ಎಂಬ ಪಾದ್ರಿ ಈ ಆಟ ಕಲಿಸಿದರು ಎಂದು ಹೇಳುತ್ತಾರೆ. ಮುಂದೆ ಗಣಿ ಉದ್ಯಮದವರು ಕ್ಲಬ್ಬು ಕಟ್ಟಿದರು. ಡೆಂಪೊ, ಸಾಲ್‌ಗಾಂವ್‌ಕರ್ ಎಂಬ ಹೆಸರುಗಳು ಊರಿನ ಹೆಸರಲ್ಲ, ಉದ್ಯಮಿ ಮನೆತನಗಳ ಹೆಸರು. ದೇಶದ ಲೀಗ್ ಪ್ರಶಸ್ತಿಯನ್ನು ಡೆಂಪೊ ಐದು ಸಲ, ಸಾಲ್‌ಗಾಂವ್‌ಕರ್ ಎರಡು ಸಲ, ಚರ್ಚಿಲ್ ಬ್ರದರ್ಸ್ ಎರಡು ಸಲ ಗೆದ್ದಿವೆ. ಆಗ ಬೆಂಗಳೂರು ಎಫ್.ಸಿ. ಇರಲೇ ಇಲ್ಲ, ಅದು ಹುಟ್ಟಿದ್ದು 2013ರಲ್ಲಿ. ಹಾಗಾಗಿ ನಮ್ಮ ಕಡೆಯ ಹಿರಿಯರು ಬೆಂಗಳೂರನ್ನು ಬಿಟ್ಟು ಗೋವಾವನ್ನು ಆರಿಸಿಕೊಂಡರು ಎನ್ನುವುದು ಸರಿಯಲ್ಲ. ಕಣ್ಣೆದುರಿಗೆ ಇದ್ದದ್ದು ಅದೊಂದೇ.

ಎರಡನೆಯ ದಾರಿ: ಮನೆಯವರ ದಾರಿ

ಅಭಿಮಾನ ಹೆಚ್ಚಾಗಿ ಮನೆಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಬರುತ್ತದೆ. ನನ್ನ ಮಾಮ ಮಡಗಾಂವಿನಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವರು. ಸಂಜೆ ಬಿಡುವಾದರೆ ಫಾತೋರ್ಡಾ ಮೈದಾನಕ್ಕೆ ಹೋಗುತ್ತಿದ್ದರು. ಅದು 1989ರಲ್ಲಿ ಆದ ಜವಾಹರಲಾಲ್ ನೆಹರೂ ಕ್ರೀಡಾಂಗಣ. ಅವರು ಮೊದಲು ಡೆಂಪೊ ಅಭಿಮಾನಿ. 2014ರಲ್ಲಿ ಎಫ್.ಸಿ. ಗೋವಾ ಶುರುವಾದಾಗ ಅದಕ್ಕೂ ಚಪ್ಪಾಳೆ ಹೊಡೆದರು. 2016ರಲ್ಲಿ ಡೆಂಪೊ, ಸಾಲ್‌ಗಾಂವ್‌ಕರ್, ಸ್ಪೋರ್ಟಿಂಗ್ ಮೂರೂ ಕ್ಲಬ್ಬುಗಳು ಐ-ಲೀಗ್ ಬಿಟ್ಟು ಹೊರಬಂದ ಮೇಲೆ ಪೂರ್ತಿ ಕಿತ್ತಳೆ ಬಣ್ಣದವರಾದರು. ರಜೆಗೆ ಬಂದಾಗ ಅವರು ಹೇಳುತ್ತಿದ್ದ ಕತೆ ಕೇಳಿಯೇ ನಾನು ಈ ಪಕ್ಷಕ್ಕೆ ಸೇರಿದ್ದು. "ಯಾಕೆ ಗೋವಾ?" ಅಂತ ಕೇಳಿದರೆ ನನ್ನ ನಿಜವಾದ ಉತ್ತರ "ಮಾಮ" ಎಂದೇ.

ಮೂರನೆಯ ದಾರಿ: ಆಟಗಾರನ ದಾರಿ

ಕೆಲವರು ಕ್ಲಬ್ಬನ್ನು ಅಲ್ಲ, ಆಟಗಾರನನ್ನು ಹಿಂಬಾಲಿಸುತ್ತಾರೆ. ಸುನಿಲ್ ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಗೋವಾದಲ್ಲಿ ಡೆಂಪೊ ಪರ ಆಡಿದರು, ಚರ್ಚಿಲ್ ಬ್ರದರ್ಸ್ ಪರ ಆಡಿದರು, 2013ರಲ್ಲಿ ಬೆಂಗಳೂರಿಗೆ ಬಂದರು. ಅವರ ಹಿಂದೆಯೇ ಎಷ್ಟೋ ಜನ ನೀಲಿ ಬಣ್ಣಕ್ಕೆ ಬಂದಿದ್ದಾರೆ. ನಮ್ಮ ತರಗತಿಯ ನೀಲಿ ಪಕ್ಷದವರಿಗೆ ಛೆಟ್ರಿ ಅಂದರೆ ಸಾಕು, ಮುಖ ಅರಳುತ್ತದೆ.

ಇನ್ನೊಂದು ಹೆಸರು ಹೇಳುತ್ತೇನೆ: ಲಕ್ಷ್ಮೀಕಾಂತ ಕಟ್ಟಿಮನಿ. ಗೋವಾದ ಗೋಲ್‌ಕೀಪರ್. ಕಟ್ಟಿಮನಿ ಎಂಬ ಹೆಸರು ಕೇಳಿದರೆ ಯಾವ ನಾಡಿನ ನೆನಪು ಬರುತ್ತದೆ ಎಂದು ನೀವೇ ಹೇಳಿ. ಡೆಂಪೊ, ಎಫ್.ಸಿ. ಗೋವಾ ಎರಡರಲ್ಲೂ ಆಡಿ ನಂತರ ಹೈದರಾಬಾದಿಗೆ ಹೋದರು. 2022ರ ಮಾರ್ಚಿನಲ್ಲಿ ಅದೇ ಫಾತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಐ.ಎಸ್.ಎಲ್. ಫೈನಲ್ಲಿನ ಪೆನಾಲ್ಟಿಯಲ್ಲಿ ಮೂರು ಹೊಡೆತ ತಡೆದು ಹೈದರಾಬಾದಿಗೆ ಕಪ್ ಗೆದ್ದುಕೊಟ್ಟರು. ಹೆಸರು ಒಂದು ಕಡೆಯದು, ಮೈದಾನ ಇನ್ನೊಂದು ಕಡೆಯದು, ಗೆದ್ದ ಕ್ಲಬ್ಬು ಮತ್ತೊಂದು ಕಡೆಯದು. ಆಟಗಾರರೇ ಹೀಗೆ ಗಡಿ ದಾಟುವಾಗ ನೋಡುವವರು ದಾಟಬಾರದೇ?

ನಾಲ್ಕನೆಯ ದಾರಿ: ಟಿ.ವಿ. ದಾರಿ

ನಾರ್ವೆ ದೇಶದ ಸಂಗತಿ ಕೇಳಿ. ಅಲ್ಲಿ 1969ರಿಂದ ಶನಿವಾರ ಇಂಗ್ಲೆಂಡಿನ ಪಂದ್ಯಗಳನ್ನು ಟಿ.ವಿ.ಯಲ್ಲಿ ತೋರಿಸಲು ಶುರುಮಾಡಿದರು. ಚಳಿಗಾಲದಲ್ಲಿ ಹೊರಗೆ ಹಿಮ, ಒಳಗೆ ಇಡೀ ಮನೆಯೇ ಟಿ.ವಿ. ಮುಂದೆ. ಆ ಮಕ್ಕಳು ದೊಡ್ಡವರಾದ ಮೇಲೆ ಲಿವರ್‌ಪೂಲ್, ಮ್ಯಾಂಚೆಸ್ಟರ್‌ಗಳಿಗೆ ಸಮುದ್ರ ದಾಟಿ ಪಂದ್ಯ ನೋಡಲು ಹೋಗುವವರಾದರು.

ನಮ್ಮ ಪಕ್ಕದ ಕೇರಳದಲ್ಲೂ ಹೀಗೇ. ಅಲ್ಲಿ ಕ್ಲಬ್ಬಿಗಿಂತ ದೇಶದ ಮೇಲೆ ಪ್ರೀತಿ. 1986ರ ವಿಶ್ವಕಪ್ಪಿನಲ್ಲಿ ಮರಡೋನಾ ಆಟ ನೋಡಿದ ಮೇಲೆ ಅರ್ಜೆಂಟೀನಾ ಪಕ್ಷ ಅಲ್ಲಿ ಬೆಳೆಯಿತು, ಬ್ರೆಜಿಲ್ ಪಕ್ಷವೂ ಜೋರಾಗಿಯೇ ಇತ್ತು. 2022ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನಲ್ಲಿ ಹೊಳೆಯ ಮಧ್ಯೆ ಮೆಸ್ಸಿ, ನೇಮರ್, ರೊನಾಲ್ಡೋ ಇವರ ದೊಡ್ಡ ದೊಡ್ಡ ಕಟೌಟ್ ನಿಲ್ಲಿಸಿದ್ದರು. ಅರ್ಜೆಂಟೀನಾಕ್ಕೆ ಒಮ್ಮೆಯೂ ಹೋಗದವರೇ ದುಡ್ಡು ಹಾಕಿ ಮಾಡಿದ್ದು ಅದು!

ಐದನೆಯ ದಾರಿ: ದುಃಖದ ದಾರಿ

ಗೆಲ್ಲುವವರ ಹಿಂದೆ ಜನ ಹೋಗುತ್ತಾರೆ ಎನ್ನುತ್ತಾರೆ. ಅದು ಅರ್ಧ ನಿಜ. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವಿದ್ದ ವಿಮಾನ ಅಪಘಾತಕ್ಕೀಡಾಯಿತು. 23 ಜನ ಸತ್ತರು, ಅವರಲ್ಲಿ ಎಂಟು ಮಂದಿ ಆಟಗಾರರು. ಆ ಊರನ್ನು ಕಂಡಿರದವರೂ ಅಂದು ಮರುಗಿದರು, ಹಲವರು ಅಲ್ಲಿಂದಲೇ ಆ ಕ್ಲಬ್ಬಿನವರಾದರು. ಹತ್ತು ವರ್ಷಕ್ಕೆ, 1968ರಲ್ಲಿ, ಆ ಕ್ಲಬ್ಬು ಯುರೋಪಿನ ಕಪ್ ಗೆದ್ದಿತು.

ಗೋವಾದ್ದೂ ಸಣ್ಣ ದುಃಖವಲ್ಲ. 2015ರ ಡಿಸೆಂಬರಿನಲ್ಲಿ ತನ್ನದೇ ಫಾತೋರ್ಡಾದಲ್ಲಿ ಫೈನಲ್. 90ನೇ ನಿಮಿಷದ ಹತ್ತಿರದವರೆಗೂ 2-1ರಿಂದ ಮುಂದಿತ್ತು. ಕೊನೆಯ ಗಳಿಗೆಯಲ್ಲಿ ಎರಡು ಗೋಲು ಬಿತ್ತು, ಚೆನ್ನೈಯಿನ್ 3-2ರಿಂದ ಗೆದ್ದಿತು. ಮಾಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ ಎಂದು ಮಾಮಿ ಈಗಲೂ ಹೇಳುತ್ತಾರೆ. ಗೆದ್ದಾಗ ಎಲ್ಲರೂ ನಗುತ್ತಾರೆ, ಸೋತಾಗ ಯಾರು ಉಳಿಯುತ್ತಾರೋ ಅವರೇ ನಿಜವಾದ ಅಭಿಮಾನಿಗಳು.

ಕಲಕತ್ತೆಯ ಪಾಠ

ಹೊರಗಿನವರು ಕ್ಲಬ್ಬಿನ ಅಭಿಮಾನಿಗಳಾಗುವುದು ಟಿ.ವಿ. ಬಂದ ಮೇಲಿನ ಚಟ ಅಂತ ಕೆಲವರ ವಾದ. ಅದು ಸರಿಯಲ್ಲ. 1911ರ ಜುಲೈ 29ರಂದು ಕಲಕತ್ತೆಯಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ಎಂಬ ಇಂಗ್ಲಿಷ್ ಸೈನ್ಯದ ತಂಡವನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ನಮ್ಮವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಲ್ಲಿ ಆಡಿದ್ದರು. ಆ ಪಂದ್ಯ ನೋಡಲು ದೂರದ ಊರುಗಳಿಂದ ರೈಲು, ದೋಣಿ ಹತ್ತಿ ಜನ ಬಂದಿದ್ದರು. ಕಲಕತ್ತೆಯ ಕ್ಲಬ್ಬು ಅಂದು ದೇಶದ ಕ್ಲಬ್ಬಾಯಿತು.

1920ರಲ್ಲಿ ಅದೇ ಕಲಕತ್ತೆಯಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬು ಹುಟ್ಟಿತು. ಹೆಸರು ನೋಡಿ: ಇರುವುದು ಕಲಕತ್ತೆಯಲ್ಲಿ, ಹೆಸರು ಪೂರ್ವ ಬಂಗಾಳದ್ದು. 1947ರಲ್ಲಿ ದೇಶ ಎರಡಾಗಿ ಮನೆಮಾರು ಬಿಟ್ಟು ಬಂದ ಲಕ್ಷಾಂತರ ಜನರಿಗೆ ಆ ಕ್ಲಬ್ಬೇ ಕಳೆದುಹೋದ ಊರಿನ ನೆನಪಾಯಿತು. ಈಗಲೂ ಈಸ್ಟ್ ಬೆಂಗಾಲ್ ಪಕ್ಷದವರ ಗುರುತು ಇಲಿಶ್ ಮೀನು, ಮೋಹನ್ ಬಗಾನ್ ಪಕ್ಷದವರದ್ದು ಶೆಟ್ಲಿ. ಮೀನು ತಿನ್ನುವ ನಮಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ?

ಇದು ದ್ರೋಹವೇ?

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾಕ್ಕೂ ಬೆಂಗಳೂರಿಗೂ ಐ.ಎಸ್.ಎಲ್. ಫೈನಲ್ ನಡೆಯಿತು. 90 ನಿಮಿಷದಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ, 117ನೇ ನಿಮಿಷಕ್ಕೆ, ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ಬೆಂಗಳೂರು ಗೆದ್ದಿತು. ಅಂಥ ದಿನ ಕಾರವಾರದ ಒಂದೇ ಮನೆಯಲ್ಲಿ ಒಬ್ಬರು ಕುಣಿಯಬಹುದು, ಇನ್ನೊಬ್ಬರು ತಲೆ ಬಗ್ಗಿಸಬಹುದು. ಹಾಗಂತ ತಲೆ ಬಗ್ಗಿಸಿದವರು ಕನ್ನಡ ಬಿಟ್ಟವರೇ?

ನನ್ನ ವಿಚಾರ ಹೀಗಿದೆ. ಗಡಿ ಬೇರೆ, ಒಡನಾಟ ಬೇರೆ. 1956ರಲ್ಲಿ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಇಷ್ಟೆಲ್ಲ ಗೆರೆ ಎಳೆದರೂ ಮೀನು, ಮದುವೆ, ಜಾತ್ರೆ, ಕೆಲಸ ಯಾವುದೂ ನಿಲ್ಲಲಿಲ್ಲ. ನಾನು ಕನ್ನಡ ಶಾಲೆಯಲ್ಲಿ ಓದುತ್ತೇನೆ, ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, 2025ರಲ್ಲಿ ಆರ್.ಸಿ.ಬಿ. ಮೊದಲ ಸಲ ಕಪ್ ಗೆದ್ದಾಗ ಎಲ್ಲರ ಜೊತೆ ಕೂಗಿದ್ದೇನೆ. ಕ್ರಿಕೆಟ್ಟಿಗೆ ಬೆಂಗಳೂರು, ಫುಟ್‌ಬಾಲಿಗೆ ಗೋವಾ. ಎರಡೂ ನನ್ನ ಮನಸ್ಸಿನಲ್ಲಿ ಜಗಳವಿಲ್ಲದೆ ಇವೆ.

ಆದರೆ ಎದುರು ಪಕ್ಷದ ಒಂದು ಮಾತನ್ನು ನಾನು ಒಪ್ಪುತ್ತೇನೆ. ದೂರದ ದೊಡ್ಡ ಕ್ಲಬ್ಬಿನ ಮೇಲೆ ಪ್ರೀತಿ ಹೆಚ್ಚಾದರೆ ಹತ್ತಿರದ ಮೈದಾನ ಬರಿದಾಗುತ್ತದೆ. ಟಿ.ವಿ.ಯಲ್ಲಿ ಮ್ಯಾಂಚೆಸ್ಟರ್ ನೋಡುವವರು ನಮ್ಮ ಊರಿನ ಹುಡುಗರು ಗದ್ದೆ ಕೊಯ್ಲಾದ ಮೇಲೆ ಆಡುವ ಪಂದ್ಯಕ್ಕೆ ಬರುವುದಿಲ್ಲ. ಚಪ್ಪಾಳೆಯೂ ಬಿಸಿಲಿನಂತೆ, ಬಿದ್ದ ಕಡೆ ಬೆಳೆ. ನಮ್ಮ ಮಕ್ಕಳಿಗೆ ಚಪ್ಪಾಳೆ ಸಿಗದಿದ್ದರೆ ಮುಂದೆ ಯಾವ ಕ್ಲಬ್ಬಿಗೂ ಕಾರವಾರದ ಆಟಗಾರ ಸಿಗುವುದಿಲ್ಲ. ಈ ಮಾತು ಕಿತ್ತಳೆಯವರಿಗೂ ನೀಲಿಯವರಿಗೂ ಒಂದೇ.

ಆದ್ದರಿಂದ ನನ್ನ ಸೂಚನೆ ಎರಡು. ಒಂದು, ಯಾರಾದರೂ ಬೇರೆ ಊರಿನ ಕ್ಲಬ್ಬಿಗೆ ಜೈ ಅಂದರೆ "ನೀನು ಎಲ್ಲಿಯವನು?" ಎಂದು ಕೇಳಬೇಡಿ, "ನಿನಗೆ ಅದನ್ನು ಯಾರು ತೋರಿಸಿದರು?" ಎಂದು ಕೇಳಿ. ಒಂದು ಒಳ್ಳೆ ಕತೆ ಸಿಗುತ್ತದೆ. ಎರಡು, ತಾಲೂಕು ಮಟ್ಟದ ಆಟಕ್ಕೆ ನಮ್ಮ ಶಾಲೆಯ ತಂಡ ಹೋಗುವಾಗ ಎರಡೂ ಪಕ್ಷದವರು ಒಟ್ಟಿಗೆ ಬನ್ನಿ. ಅಂದು ಕಿತ್ತಳೆಯೂ ಬೇಡ, ನೀಲಿಯೂ ಬೇಡ, ಶಾಲೆಯ ಬಣ್ಣ ಸಾಕು.

ನಿಮ್ಮ ಮನೆಯಲ್ಲಿ ಯಾರು ಯಾವ ಕ್ಲಬ್ಬಿನವರು, ಯಾವ ಮೇಳದವರು, ಅದು ಹೇಗಾಯಿತು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದು ಅಕ್ಕೋರ ಹತ್ತಿರ ಕೊಡಿ. ಮುಂದಿನ ಸಂಚಿಕೆಯಲ್ಲಿ ಒಳ್ಳೆಯದನ್ನು ಆರಿಸಿ ಹಾಕೋಣ.

- ಒಂಬತ್ತನೆಯ ತರಗತಿ, ಕಿನ್ನರ