ಕಲ್ಮನೆಯ ಸೂರಿನಡಿ

ಮುಂಜಾನೆ ಮನೋಳಿಯ ಹೊಳೆದಂಡೆಗೆ ಇಳಿದರೆ ಕಣ್ಣಿಗಿಂತ ಮೊದಲು ಕಿವಿ ಎಚ್ಚರಾಗುತ್ತದೆ. ನವಿಲುತೀರ್ಥದ ಅಣೆಕಟ್ಟೆ ದಾಟಿ ಬಂದ ಮಲಪ್ರಭೆಯಲ್ಲಿ ಮೊಣಕಾಲುದ್ದ ನಿಂತು, ಸೀರೆ ಎತ್ತಿ ಕಟ್ಟಿದ ಹೆಂಗಸರು ಹಾಸುಗಲ್ಲಿಗೆ ಬಟ್ಟೆ ಬಡಿಯುತ್ತಿರುತ್ತಾರೆ. ಒಬ್ಬಾಕೆಯ ಪೆಟ್ಟು ಇಳಿಯುವಾಗ ಇನ್ನೊಬ್ಬಾಕೆಯ ಕೈ ಮೇಲೆದ್ದಿರುತ್ತದೆ, ನಡುನಡುವೆ ಮನೆಯ ಮಾತು, ಮಳೆಯ ಮಾತು. ಸಾಬೂನಿನ ನೊರೆ, ಹಸಿ ಎರೆಮಣ್ಣು, ಜಾಲಿ ಕಟ್ಟಿಗೆಯ ಹೊಗೆ ಎಲ್ಲ ಬೆರೆತ ವಾಸನೆ ಪಂಚಲಿಂಗೇಶ್ವರ ಗುಡಿಯವರೆಗೂ ಬೆನ್ನು ಬಿಡುವುದಿಲ್ಲ. ಸೇವುಣರ ಕಾಲದ ಶಾಸನಗಳನ್ನು ಕಾಯ್ದುಕೊಂಡು ಬಂದ ಗುಡಿ ಅದು.

ಇದೇ ಹೊಳೆ ಹರಿಯುವ ದಿಕ್ಕಿಗೆ ಹೊರಡೋಣ ಬನ್ನಿ. ರಾಮದುರ್ಗದಲ್ಲಿ ಮಗ್ಗದ ಸದ್ದು ಬಸ್ಸಿನೊಳಗೆ ಬರುತ್ತದೆ. ಮುಂದೆ ಎರೆಹೊಲಗಳು ಹಿಂದೆ ಸರಿದು ಕೆಂಪು ಮರಳುಗಲ್ಲಿನ ಗುಡ್ಡಗಳು ತಲೆಯೆತ್ತುತ್ತವೆ. ಬಾದಾಮಿ ಬಂತು.

ಮೆಟ್ಟಿಲು ಹತ್ತಿ ಮೂರನೆಯ ಗುಹೆ ಮುಟ್ಟುವಾಗ ಏದುಸಿರು. ಉತ್ತರಕ್ಕೆ ಮುಖ ಮಾಡಿದ, ಸುಮಾರು 70 ಅಡಿ ಅಗಲದ ಈ ಗುಹೆಯನ್ನು ಚಾಲುಕ್ಯ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದ. ಇಲ್ಲಿರುವ ಹಳಗನ್ನಡ ಶಾಸನ ಇದನ್ನು ‘ಕಲ್ಮನೆ’ ಎನ್ನುತ್ತದೆ. ಎಷ್ಟು ಹತ್ತಿರದ ಮಾತು! ಈ ಮನೆಗೆ ಬಿಟ್ಟ ದತ್ತಿಯಲ್ಲಿ ಹೂಮಾಲೆ ಕಟ್ಟುವವರಿಗೂ ಪಾಲಿದೆ.

ಬಂದವರೆಲ್ಲ ಆದಿಶೇಷನ ಮೇಲೆ ಕುಳಿತ ವಿಷ್ಣುವಿನ ಮುಂದೆ ನಿಲ್ಲುತ್ತಾರೆ. “ಮ್ಯಾಲ ನೋಡ್ರಿ, ಸ್ವಲ್ಪ ಈ ಕಡೆ ಸರೀರಿ,” ಎನ್ನುತ್ತಾರೆ ಕಾವಲಿನವರು. ಸೂರಿನ ಒಳಬಾಗಿನಲ್ಲಿ ಮೊದಲು ಕಾಣುವುದು ಬರೀ ಕಲೆ: ಕಾವಿ, ಮಾಸಿದ ಹಳದಿ. ಕಣ್ಣು ಹೊಂದಿಕೊಂಡಂತೆ ಒಂದು ತೋಳು ಹೊರಬರುತ್ತದೆ, ಆಮೇಲೆ ಬಾಗಿದ ಕೊರಳು, ಆಮೇಲೆ ಒಂದು ಅರಮನೆಯ ಸಭೆ, ಕುಣಿತ, ವಾದ್ಯ ಹಿಡಿದ ಹೆಂಗಸರು.

ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ವರದಿಗಾಗಿ ಜೇಮ್ಸ್ ಬರ್ಜೆಸ್ 1874ರಲ್ಲಿ ಈ ಗುಹೆಗಳ ಅಳತೆ, ನಕ್ಷೆ ಕೊಟ್ಟಿದ್ದ. ಆದರೆ ಬಣ್ಣದ ಮೇಲೆ ವಿದ್ವಾಂಸರ ಕಣ್ಣು ನಿಲ್ಲುವಂತೆ ಮಾಡಿದ್ದು ಸ್ಟೆಲ್ಲಾ ಕ್ರಾಮ್ರಿಶ್. ವಿಯೆನ್ನಾದಲ್ಲಿ ಓದಿ, ಶಾಂತಿನಿಕೇತನಕ್ಕೆ ಬಂದು, ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ 1950ರವರೆಗೆ ಕಲಿಸಿದ ಈಕೆ 1936ರಲ್ಲಿ ಬಾದಾಮಿಯ ಚಿತ್ರಗಳ ಬಗ್ಗೆ ಬರೆದರು. ಅದಕ್ಕೂ ಮೊದಲು, 1909ರಿಂದ 1911ರವರೆಗೆ, ಹೆಂಗಸರ ಮತದಾನದ ಹಕ್ಕಿಗಾಗಿ ಇಂಗ್ಲೆಂಡಿನಲ್ಲಿ ದುಡಿದ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಂ ಅಜಂತಾದ ಕತ್ತಲಲ್ಲಿ ನಿಂತು ಭಿತ್ತಿಚಿತ್ರಗಳ ಪ್ರತಿ ತೆಗೆದಿದ್ದರು. ನಂದಲಾಲ ಬೋಸರೂ ಕೈಜೋಡಿಸಿದ್ದರು. ಆಕೆಯ ಬದುಕನ್ನು ಹೆಕ್ಕಿ ತೆಗೆದು ಮೇರಿ ಲಾಗೋ ಪುಸ್ತಕ ಬರೆದದ್ದು 1996ರಲ್ಲಿ. ಅಷ್ಟು ತಡವಾಗಬಾರದಿತ್ತು ಎಂದು ಈ ಸೂರಿನಡಿ ನಿಂತಾಗ ಅನಿಸುತ್ತದೆ.

ಗೋಡೆ ಕಲ್ಲಿನದು, ಬಣ್ಣ ನಿಂತಿರುವುದು ಮಾತ್ರ ಅದರ ಮೇಲಿನ ತೆಳು ಗಾರೆಯ ಪದರಿನ ಮೇಲೆ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಕಲ್ಲಿನ ಸೀಳಿನಲ್ಲಿ ಜಿನುಗುತ್ತದೆ, ಜತೆಗೆ ಉಪ್ಪನ್ನೂ ತರುತ್ತದೆ. ನೀರು ಆರಿ ಉಪ್ಪು ಹರಳುಗಟ್ಟಿದಾಗ ಗಾರೆ ಉಬ್ಬಿ ಸಿಪ್ಪೆಯಾಗಿ ಕಳಚುತ್ತದೆ. ಬಾವಲಿಯ ಹಿಕ್ಕೆ, ಧೂಳು, ಒದ್ದೆ ಗಾಳಿ ಬೇರೆ. ಹೋದ ಬಣ್ಣವನ್ನು ಮತ್ತೆ ಬಳಿಯುವಂತಿಲ್ಲ. ಸಂರಕ್ಷಣೆಯವರು ಸಡಿಲಗೊಂಡ ಅಂಚನ್ನು ಹಿಡಿದು ನಿಲ್ಲಿಸಬಹುದು, ನೀರಿನ ದಾರಿ ತಿರುಗಿಸಬಹುದು. ತೋಳಿನ ಪಕ್ಕದಲ್ಲೇ ಪದರು ಎದ್ದುಹೋಗಿ ಬೋಳು ಕಲ್ಲು ಕಾಣುತ್ತಿದೆ. ಕೈ ಎತ್ತಲು ಮನಸ್ಸು ಬರುತ್ತದೆ, ಎತ್ತಬಾರದು.

ಕೆಳಗೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಬಾದಾಮಿಯ ಹೆಂಗಸರು ಬಟ್ಟೆ ಬಡಿಯುತ್ತಿದ್ದಾರೆ. ಸದ್ದು ಬಂಡೆಗೆ ತಾಕಿ, ಒಂದು ಗಳಿಗೆ ತಡೆದು, ವಾದ್ಯದ ಹೆಂಗಸರಿರುವ ಈ ಸೂರಿನಡಿಗೆ ಬರುತ್ತದೆ.